ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಬೀದರ್ ಕೋಟೆ ತಿರುಗುವುದು

ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ಬೀದರ್ ಕೋಟೆ ತೋರಿಸುವ ಕೆಲಸ ನನ್ನದು. ಸಂಬಳವಿಲ್ಲದ ನೌಕರಿ. ಸಂಬಳ ಬರುತ್ತಿದ್ದಾಗ ನಾನು ಒಂದು ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತನಾಗಿದ್ದೆ. ಬಂದ ಕಾಗದಕ್ಕೆ ಒಂದು ನಂಬರು, ಹೋದ ಕಾಗದಕ್ಕೆ ಒಂದು ನಂಬರು. ಮೂವತ್ತೊಂದು ವರ್ಷ ಅದನ್ನೇ ಬರೆದೆ. ರಿಟೈರ್ ಆದರೂ ಚಟ ಹೋಗಲಿಲ್ಲ. ಕೋಟೆಗೆ ಹೋದರೆ ಒಳಗೆ ಕಾಲಿಟ್ಟ ಹೊತ್ತು, ಹೊರಗೆ ಬಂದ ಹೊತ್ತು, ಎಲ್ಲಿ ಕೂತೆ, ಎಷ್ಟು ಹೊತ್ತು ಕೂತೆ, ಎಲ್ಲವನ್ನೂ ಜೇಬಿನ ಡೈರಿಯಲ್ಲಿ ಗುರುತು ಹಾಕುತ್ತೇನೆ. ಇಲ್ಲಿ ಹೇಳುವುದೆಲ್ಲ ಆ ಡೈರಿಯಲ್ಲಿ ಇರುವುದೇ.

ಮೊದಲು ನಾನೇ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮಗಳನ್ನು ಕಲಬುರಗಿಗೆ ಕೊಟ್ಟ ವರ್ಷ ಬೀಗರು ಮೊದಲ ಸಲ ನಮ್ಮ ಮನೆಗೆ ಬಂದರು. ಮೇ ತಿಂಗಳು. ನಾಷ್ಟಾ, ಚಹಾ, ಮಾತು ಎಲ್ಲ ಮುಗಿದು ಮನೆ ಬಿಡುವಾಗ ಹನ್ನೊಂದೂವರೆ. ಎಲ್ಲ ಮಹಲು, ಎಲ್ಲ ಬುರುಜು, ಎಲ್ಲ ದರ್ವಾಜಾ ಅವತ್ತೇ ತೋರಿಸಬೇಕು ಅಂತ ನನ್ನ ಹಟ. ತಖ್ತ್ ಮಹಲ್ ಹತ್ತಿರ ಬರುವಷ್ಟರಲ್ಲಿ ಬೀಗತಿ ಒಂದು ಕಲ್ಲಿನ ಮೇಲೆ ಕೂತರು. ಕಲ್ಲು ಹೆಂಚಿನ ಹಾಗೆ ಕಾದಿತ್ತು. ಕೂತ ವೇಗದಲ್ಲೇ ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ಬೀಗ್ರ, ನಿಮ್ಮ ಕೋಟಿ ಭಾಳ ಚಂದ ಅದ. ಆದ್ರ ಕಟ್ಟಿದವ್ರು ಇಷ್ಟು ಲಗುಬಗಿಲೆ ಕಟ್ಟಿಲ್ರಿ," ಅಂದರು. ಅವತ್ತು ಸಂಜೆ ಅವರ ಕಾಲಿಗೆ ನನ್ನ ಹೆಂಡತಿ ಎಣ್ಣೆ ಹಚ್ಚಿದಳು. ನನಗೆ ಎರಡು ದಿನ ಮನೆಯಲ್ಲಿ ಸರಿಯಾಗಿ ಮಾತಿಲ್ಲ.

ಆಮೇಲೆ ನನ್ನ ರೀತಿ ಬದಲಾಯಿತು. ಈಗ ನನ್ನದು ಮೂರೇ ಕಾನೂನು. ಬಿಸಿಲು ಸದಾ ಬೆನ್ನಿಗಿರಬೇಕು. ಮೂರು ಕಡೆಯಾದರೂ ಕೂಡಬೇಕು, ಸುಮ್ನೆ. ಮತ್ತೆ, ಅರ್ಧ ಕೋಟೆಯನ್ನು ನೋಡದೆ ಬಿಟ್ಟು ಬರಬೇಕು.

ಬಿಸಿಲಿನ ಲೆಕ್ಕ ಸುಲಭ. ಊರ ಕಡೆಯ ದರ್ವಾಜಾ ಕೋಟೆಯ ಆಗ್ನೇಯ ಮೂಲೆಯಲ್ಲಿದೆ. ಅರಮನೆಗಳೆಲ್ಲ ಅಲ್ಲಿಂದ ಪಶ್ಚಿಮಕ್ಕೆ ಸಾಲಾಗಿ ಹೋಗುತ್ತವೆ. ಹಾಗಾಗಿ ಬೆಳಿಗ್ಗೆ ಬಂದರೆ ದರ್ವಾಜಾದಿಂದ ಪಶ್ಚಿಮಕ್ಕೆ ನಡೆಯಿರಿ, ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಗೋಡೆಗಳ ಮೇಲೆ ಬೆಳಕು ನೇರ ಬೀಳುತ್ತದೆ, ಕಣ್ಣು ಕಿರಿದು ಮಾಡಬೇಕಾಗಿಲ್ಲ. ಸಂಜೆ ಬಂದರೆ ಇದನ್ನೇ ತಿರುಗಿಸಿ. ಆಟೋದಲ್ಲಿ ಒಳಗಿನ ರಸ್ತೆ ಹಿಡಿದು ದೂರದ ತುದಿಗೆ ಹೋಗಿ ಇಳಿದು, ಊರ ಕಡೆಗೆ ನಡೆದು ಬನ್ನಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ತನಕ ಬೇಡ. ಬೀದರ್ ಎರಡು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಕಲಬುರಗಿಯಷ್ಟು ಕಾಯುವುದಿಲ್ಲ ಅಂತ ನಾವು ಜಂಬ ಕೊಚ್ಚಿಕೊಳ್ಳುವುದು ನಿಜ. ಆದರೆ ಮೇ ತಿಂಗಳ ಕಲ್ಲಿಗೆ ಅದು ಗೊತ್ತಿಲ್ಲ.

ಒಳ್ಳೆ ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ನನ್ನ ಮೆಚ್ಚಿನದು ಮಾತ್ರ ಅದಕ್ಕೂ ಸ್ವಲ್ಪ ಮುಂಚೆ, ಮಳೆ ಹಿಂದಾಗುವ ಹೊತ್ತು. ಒದ್ದೆಯಾದ ಕೆಂಪು ಕಲ್ಲಿನ ಬಣ್ಣವೇ ಬೇರೆ. ಬೀದರ್ ಸುತ್ತಿನ ಸೀತಾಫಲ ಬಜಾರಿಗೆ ಬರುವುದೂ ಆಗಲೇ. ಮಳೆಗಾಲದಲ್ಲಿ ಬಂದರೆ ಮೆಟ್ಟಿಲ ಮೇಲಿನ ಪಾಚಿ ನೋಡಿಕೊಂಡು ಕಾಲಿಡಿ.

ಜೊತೆಗೆ ಏನು ತರಬೇಕು? ಒಬ್ಬರಿಗೆ ಒಂದು ಲೀಟರ್ ನೀರು, ತಲೆಗೊಂದು ಟವೆಲ್. ಕಾಲಿಗೆ ಹಿಡಿತ ಇರುವ ಬೂಟು ಅಥವಾ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಬುತ್ತಿ ಕಟ್ಟುವುದಾದರೆ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಪಲ್ಯ ಚೆಲ್ಲುತ್ತದೆ, ಮೊಸರು ಹುಳಿಯಾಗುತ್ತದೆ, ಇವೆರಡು ಎಲ್ಲಿ ಕೂತರೂ ಬಿಚ್ಚಬಹುದು. ತಿಂದ ಮೇಲೆ ಕಾಗದ, ಚೀಲ ನಿಮ್ಮ ಕೈಯಲ್ಲೇ ವಾಪಸ್ ಬರಬೇಕು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಆವಕ ಆದದ್ದೆಲ್ಲ ಜಾವಕ ಆಗಬೇಕು.

ನಡಿಗೆಯನ್ನು ಕೋಟೆಯಿಂದ ಶುರು ಮಾಡಬೇಡಿ. ಊರ ಮಧ್ಯದ ಚೌಬಾರದಿಂದ ಶುರು ಮಾಡಿ. 71 ಅಡಿ ಎತ್ತರದ ಆ ದುಂಡನೆಯ ಕಾವಲು ಗೋಪುರದ ಕೆಳಗೆ ಬೆಳಿಗ್ಗೆ ಆರಕ್ಕೆ ಚಹಾ ಕುಡಿದು ಹೊರಟರೆ ದಾರಿಯಲ್ಲಿ ಮೊಹಮೂದ್ ಗಾವಾನನ ಮದರಸಾ ಸಿಗುತ್ತದೆ. ಇದನ್ನು ಕಟ್ಟಿಸಿದ್ದು 1472ರಲ್ಲಿ. ಇರಾನಿನ ಗಿಲಾನ್ ಕಡೆಯಿಂದ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು ಗಾವಾನ. 1696ರಲ್ಲಿ ಇಲ್ಲಿಟ್ಟಿದ್ದ ಮದ್ದಿನ ಪುಡಿ ಸಿಡಿದು ಮುಂಭಾಗ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಆ ಮಿನಾರಿನ ಮೇಲೆ ಅಲ್ಲಲ್ಲಿ ನೀಲಿ, ಹಸಿರು, ಹಳದಿ ಹೆಂಚಿನ ತುಣುಕುಗಳು ಅಂಟಿಕೊಂಡಿವೆ. ರಸ್ತೆಯ ಆಚೆ ಬದಿ ನಿಂತು ನೋಡಿ, ಬೆಳಗಿನ ಬಿಸಿಲಿಗೆ ಮಿಂಚುತ್ತವೆ.

ಗಾವಾನನ ಕಥೆ ನನ್ನಂಥ ಗುಮಾಸ್ತರು ನೆನಪಿಡಬೇಕಾದದ್ದು. ಅವನಿಗೆ ಆಗದವರು ಅವನ ಮೊಹರು ಇಟ್ಟುಕೊಂಡಿದ್ದವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರಂತೆ. ಆಮೇಲೆ ಅದರಲ್ಲಿ ರಾಜದ್ರೋಹದ ಪತ್ರ ಬರೆದು ಸುಲ್ತಾನನ ಕೈಗೆ ಕೊಟ್ಟರು. 1481ರಲ್ಲಿ ಗಾವಾನನ ತಲೆ ಹೋಯಿತು. ನಮ್ಮ ಕಚೇರಿಗೆ ಹೊಸ ಹುಡುಗರು ಬಂದಾಗ ಸೀಲು, ಪ್ಯಾಡು ಟೇಬಲ್ ಮೇಲೆ ಬಿಟ್ಟು ಚಹಾಕ್ಕೆ ಹೋದರೆ ನಾನು ಈ ಕಥೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು.

ಮದರಸಾದ ಒಳಗೆ ಹೋಗಬೇಡಿ, ಇವತ್ತು ಬೇಡ. ಒಳಗೆ ಹೋದರೆ ಒಂದು ಗಂಟೆ ಅಲ್ಲೇ ಕಳೆಯುತ್ತದೆ, ಬಿಸಿಲು ನೆತ್ತಿಗೆ ಬರುತ್ತದೆ.

ಮುಂದೆ ಕೋಟೆ. ಗಾಡಿಗಳು ಒಳಗೂ ಹೋಗುತ್ತವೆ. ಆದರೆ ಗಾಡಿಯಲ್ಲಿ ಕೂತು ದರ್ವಾಜಾ ದಾಟಿದವರಿಗೆ ದರ್ವಾಜಾ ಕಾಣುವುದೇ ಇಲ್ಲ. ಇಲ್ಲಿ ದಾರಿ ನೇರ ಇಲ್ಲ, ಬೇಕಂತಲೇ ತಿರುವು ಕೊಟ್ಟು ಮಾಡಿದ್ದಾರೆ. ವೈರಿಯ ಆನೆ, ಕುದುರೆ ಓಡಿ ಬಂದು ಗುದ್ದಬಾರದು ಅಂತ. ಒಂದೊಂದೇ ದರ್ವಾಜಾ ದಾಟುತ್ತ ಹೋಗಿ. 1503ರ ಶರ್ಜಾ ದರ್ವಾಜಾದ ಮುಂದೆ ತಲೆ ಎತ್ತಿ ನೋಡಿ. ಕಮಾನಿನ ಎರಡೂ ಬದಿಗೆ ಕಲ್ಲಿನಲ್ಲಿ ಕೆತ್ತಿದ ಎರಡು ಮೃಗ. ಹುಲಿ ಅನ್ನುವವರಿಗೆ ಹುಲಿ, ಸಿಂಹ ಅನ್ನುವವರಿಗೆ ಸಿಂಹ. ನನ್ನ ಮೊಮ್ಮಗಳು ಮಾತ್ರ "ಮುತ್ಯಾ, ಇದು ನಮ್ಮನಿ ಬೆಕ್ಕಿನಂಗೇ ಅದ" ಅಂದಿದ್ದಳು. ಆಮೇಲಿಂದ ನನಗೂ ಹಾಗೇ ಕಾಣುತ್ತದೆ, ಏನು ಮಾಡಲಿ.

ಶರ್ಜಾ ದಾಟಿದ ಮೇಲೆ ಕಂದಕ. ಇಲ್ಲಿ ಒಂದೈದು ನಿಮಿಷ ಬಗ್ಗಿ ನೋಡಿ. ಕಂದಕ ಒಂದಲ್ಲ, ಪಕ್ಕಪಕ್ಕದಲ್ಲಿ ಮೂರು. ನಡುವಿನ ಗೋಡೆಗಳನ್ನು ಯಾರೂ ಕಟ್ಟಿಲ್ಲ. ನೆಲದ ಬಂಡೆಯನ್ನೇ ಕಡಿಯುತ್ತ ಹೋಗಿ, ನಡುವೆ ಗೋಡೆಯಷ್ಟು ಬಂಡೆ ಉಳಿಸಿದ್ದಾರೆ. ಬೀದರ್ ಕೂತಿರುವುದೇ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಈ ಕಲ್ಲಿನ ಗುಣ ಅಂದರೆ ನೆಲದೊಳಗೆ ಇದ್ದಾಗ ಮೆತ್ತಗೆ ಇರುತ್ತದೆ, ಸಲೀಸಾಗಿ ಕಡಿಯಬಹುದು. ಗಾಳಿ, ಬಿಸಿಲು ತಾಕಿದ ಮೇಲೆ ಗಟ್ಟಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ಅಂಗೈ ಇಡಿ. ತೂತು ತೂತು, ಒಣಗಿದ ಜೇನುಹಟ್ಟಿಯ ಹಾಗೆ. ಕೆಲವು ತೂತಿನಲ್ಲಿ ಬೆರಳ ತುದಿ ಹೋಗುತ್ತದೆ. ಒಳಗೆ ಹಳದಿ ಮಣ್ಣು ಇನ್ನೂ ಪುಡಿಪುಡಿಯಾಗಿ ಸಿಗುತ್ತದೆ, ಬೆರಳಿಗೆ ಅರಿಶಿನದ ಹಾಗೆ ಹತ್ತುತ್ತದೆ. ಬಿಳಿ ಅಂಗಿ ಹಾಕಿಕೊಂಡು ಒರಗಬೇಡಿ.

ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಒಂಬತ್ತನೇ ಬಹಮನಿ ಸುಲ್ತಾನ ಅಹಮದ್ ಶಾ. ಈ ಕೋಟೆಯನ್ನು ಹೊಸದಾಗಿ ಎಬ್ಬಿಸಿದವನೂ ಅವನೇ. ಕಲಬುರಗಿಯ ಬೀಗರ ಮುಂದೆ ಈ ಮಾತು ಎತ್ತಿದರೆ ಅವರು ಇವತ್ತಿಗೂ ಮುಖ ಸಣ್ಣದು ಮಾಡುತ್ತಾರೆ.

ಗುಂಬದ್ ದರ್ವಾಜಾ ನಿಮ್ಮ ಮೊದಲ ಕೂಡುವ ಜಾಗ. ದಪ್ಪ ಗೋಡೆ, ಮೇಲೆ ದೊಡ್ಡ ಗುಮ್ಮಟ, ಕೆಳಗೆ ಸದಾ ನೆರಳು. ಹೊರಗೆ ಎಲೆ ಅಲ್ಲಾಡದಿದ್ದರೂ ಇಲ್ಲಿ ಗಾಳಿ ಬರುತ್ತದೆ. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ನನ್ನ ಡೈರಿಯಲ್ಲಿ ಈ ಜಾಗದ ಹೆಸರು "ಫ್ಯಾನ್".

ದಾಟಿದ ಕೂಡಲೇ ರಂಗೀನ್ ಮಹಲ್. ಒಮ್ಮೊಮ್ಮೆ ಬೀಗ ಹಾಕಿರುತ್ತಾರೆ. ಸಿಟ್ಟು ಮಾಡಬೇಡಿ, ಅಲ್ಲಿನ ಸಿಬ್ಬಂದಿಯನ್ನು ಮೆಲ್ಲಗೆ ಕೇಳಿ. "ಸ್ವಲ್ಪ ತೋರಸ್ರಿ ಅಣ್ಣೋರೆ, ದೂರದಿಂದ ಬಂದಾರ" ಅಂದರೆ ಬಹಳ ಸಲ ಕೆಲಸ ಆಗಿದೆ. ಆಗದಿದ್ದರೆ ಇನ್ನೊಂದು ದಿನ. ಅರ್ಧ ಬಿಟ್ಟು ಬರುವ ಕಾನೂನು ಇರುವುದೇ ಇದಕ್ಕೆ.

ತೆರೆದರೆ ಮಾತ್ರ ಇಲ್ಲಿ ಗಡಿಯಾರ ನೋಡಬೇಡಿ. ಈ ಮಹಲನ್ನು ಈಗಿನ ರೂಪಕ್ಕೆ ತಂದವನು ಅಲಿ ಬರೀದ್, ಬಹಮನಿಗಳ ನಂತರ ಬೀದರ್ ಆಳಿದ ಬರೀದ್‌ಶಾಹಿ ಮನೆತನದವನು, 1542ರಿಂದ 1580ರವರೆಗೆ ಆಳಿದವನು. ಮೊದಲ ಪಡಸಾಲೆಯ ಮರದ ಕಂಬಗಳ ಕೆತ್ತನೆ ನೋಡಿ ಎಲ್ಲರೂ ಅಲ್ಲೇ ಫೋಟೋ ತೆಗೆಯುತ್ತಾರೆ. ನೀವು ಒಳಗಿನ ಕೋಣೆಯ ಬಾಗಿಲಿಗೆ ಹೋಗಿ. ಕನ್ನಡಿ ಹಾಗೆ ನುಣುಪಾದ ಕಪ್ಪು ಕಲ್ಲು. ಅದರಲ್ಲಿ ಮುತ್ತಿನ ಚಿಪ್ಪನ್ನು ಬಳ್ಳಿ, ಎಲೆ, ಅಕ್ಷರಗಳ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದಾರೆ. ನೇರ ನಿಂತು ನೋಡಿದರೆ ಬೂದು ಬಿಳಿ, ಅಷ್ಟೇ. ಒಂದು ಹೆಜ್ಜೆ ಬಲಕ್ಕೆ ಸರಿಯಿರಿ, ಗುಲಾಬಿ. ಎಡಕ್ಕೆ ಸರಿಯಿರಿ, ತಿಳಿ ಹಸಿರು. ಕೆಲವು ಕಡೆ ಚಿಪ್ಪು ಬಿದ್ದುಹೋಗಿ ಕಲ್ಲಿನಲ್ಲಿ ತಗ್ಗು ಮಾತ್ರ ಉಳಿದಿದೆ. ನನಗೆ ಅದೂ ಇಷ್ಟ. ಕೆಲಸ ಹೇಗೆ ಮಾಡಿದರು ಅನ್ನುವುದು ಆ ತಗ್ಗಿನಲ್ಲಿ ಗೊತ್ತಾಗುತ್ತದೆ. ಮುಟ್ಟಬೇಡಿ, ಬರೀ ಸರಿದಾಡಿ ನೋಡಿ.

ಇದನ್ನು ನೋಡಿದಾಗ ಬಿದರಿ ಕೆಲಸ ನೆನಪಾಗದವರು ಬೀದರಿನವರೇ ಅಲ್ಲ. ಅಲ್ಲೂ ಅದೇ, ಕಪ್ಪಿನ ಮೇಲೆ ಬಿಳಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ನೀರಲ್ಲಿ ಕಲಸಿ, ಬಿಸಿ ಮಾಡಿ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಬಹಳ ಕಾಲ ಮಳೆ, ಬಿಸಿಲು ತಾಕದ ಹಳೇ ಗೋಡೆಯ ಒಳಗಿನ ಮಣ್ಣು ಬೇಕು. ಒಬ್ಬ ಹಿರಿಯ ಕುಶಲಕರ್ಮಿ ನನ್ನೆದುರೇ ಒಂದು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು ಚಪ್ಪರಿಸಿ, "ಇದು ನಡೀತದ" ಅಂದರು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪುಪ್ಪು, ಒಗರು. ಅವರಿಗೆ ಅದರಲ್ಲಿ ಏನು ಗೊತ್ತಾಯಿತೋ ನನಗಂತೂ ಗೊತ್ತಾಗಲಿಲ್ಲ. ವಾಪಸ್ ಹೋಗುವಾಗ ಚೌಬಾರದ ಹತ್ತಿರ, ಸಿದ್ದಿಕ್ ತಾಲೀಮ್ ಓಣಿಯಲ್ಲಿ ಉಳಿ ಬಡಿಯುವ ಸದ್ದು ಕೇಳಿದರೆ ನಿಂತು ನೋಡಿ. ಕೊಳ್ಳಲೇಬೇಕು ಅಂತೇನಿಲ್ಲ.

ಮುಂದೆ ಹಳೇ ಶಾಹಿ ಹಮಾಮು, ಅಂದರೆ ಸ್ನಾನದ ಮನೆ. ಈಗ ಅದು ಮ್ಯೂಸಿಯಂ. ಬಿಸಿಲು ಜಾಸ್ತಿ ಆದರೆ ಒಳಗೆ ಹೊಕ್ಕು ಬನ್ನಿ.

ಅದರ ಪಕ್ಕದಲ್ಲೇ ಲಾಲ್ ಬಾಗ್. ಬೆಂಗಳೂರಿನ ಲಾಲ್‌ಬಾಗ್ ನೋಡಿ ಬಂದವರು ಇದನ್ನು ನೋಡಿ "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ. ಆದರೆ ಮಹಲುಗಳ ನಡುವೆ ಅಂಗಳದ ಹಾಗೆ ಮಾಡಿದ ತೋಟ ಇದು. ನಟ್ಟನಡುವೆ ನೀರು ಹರಿಯಲು ಕಟ್ಟಿದ ಕಾಲುವೆ, ಕಾರಂಜಿಯ ತೊಟ್ಟಿ. ನೀರಿಲ್ಲದಿದ್ದರೂ ಕಾಲುವೆಯ ಗುಂಟ ನಡೆದರೆ ಎಲ್ಲಿ ತಿರುಗುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಅಂತ ಕಾಲಿಗೇ ಗೊತ್ತಾಗುತ್ತದೆ. ಎರಡನೇ ಸಲ ಕೂಡುವುದು ಇಲ್ಲಿ, ಗಿಡದ ನೆರಳು ಹುಡುಕಿಕೊಂಡು. ರೊಟ್ಟಿ ಬಿಚ್ಚುವುದೂ ಇಲ್ಲೇ. ಗಿಳಿಗಳ ಗದ್ದಲ ಬೆಳಿಗ್ಗೆ ಜೋರಾಗಿರುತ್ತದೆ. ನಮ್ಮ ಡೈರಿಯ ದಾಖಲೆ ಇಲ್ಲಿ ಐವತ್ತೆರಡು ನಿಮಿಷ. ಅವತ್ತು ಹೆಂಡತಿಯ ತವರಿನ ಕಡೆ ಮದುವೆಯ ಪೂರ್ತಿ ವರದಿ ನಡೆಯಿತು.

ಕೂತಲ್ಲಿಂದಲೇ ಸೋಲಾ ಖಂಬಾ ಮಸೀದಿ ಕಾಣುತ್ತದೆ. ಹೆಸರಿನಲ್ಲಿ ಹದಿನಾರು ಕಂಬ, ಒಳಗೆ ಎಣಿಸಿದರೆ ಬಹಳ ಜಾಸ್ತಿ. ನಡುಭಾಗದ ಹದಿನಾರು ಕಂಬದಿಂದ ಆ ಹೆಸರು ಬಂತು. ಉದ್ದ ಸುಮಾರು 90 ಮೀಟರ್. ಕೋಟೆಯೊಳಗಿನ ಹಳೇ ಕಟ್ಟಡಗಳಲ್ಲಿ ಇದೊಂದು, ಅಲ್ಲಿನ ಶಾಸನದ ಕಾಲ 1423-24. ಒಳಗೆ ಬಿಟ್ಟರೆ ಒಂದು ತುದಿಯ ಕಂಬದ ಪಕ್ಕ ನಿಂತು ಇನ್ನೊಂದು ತುದಿಗೆ ನೋಡಿ. ಗುಂಡನೆಯ ಕಂಬಗಳು ಒಂದರ ಹಿಂದೆ ಒಂದು ಸರಿದು ನಿಲ್ಲುತ್ತವೆ. ಒಳಗೆ ಬಿಡದಿದ್ದರೆ ಹೊರಗಿನ ಕಮಾನಿನ ಸಾಲಿನ ಮುಂದೆ ಈ ತುದಿಯಿಂದ ಆ ತುದಿಗೆ ನಿಧಾನ ನಡೆಯಿರಿ. ನೂರು ಚಿಲ್ಲರೆ ಹೆಜ್ಜೆ ಆಗುತ್ತದೆ.

ಹುಡುಗರಿಗೆ ಬೇಸರ ಬರುವುದು ಈ ಹೊತ್ತಿಗೆ. ಆಗ ನಾನು ನಿಕಿತಿನ್ ಕಥೆ ತೆಗೆಯುತ್ತೇನೆ. ಅಫನಾಸಿ ನಿಕಿತಿನ್ ಅಂತ ರಷ್ಯಾದ ವ್ಯಾಪಾರಿ, 1470ರ ಆಸುಪಾಸಿನಲ್ಲಿ ಒಂದು ಕುದುರೆ ಮಾರಲು ಬೀದರಿಗೆ ಬಂದವನು. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಲ್ಲಿ ನೂರು ಕಾವಲುಗಾರರು, ನೂರು ಲೆಕ್ಕ ಬರೆಯುವವರು ಅಂತ ಬರೆದಿಟ್ಟ. ಆ ಲೆಕ್ಕದವರ ಕೆಲಸ ಏನು ಗೊತ್ತಾ? ಕೆಲವರು ಒಳಗೆ ಬಂದವರನ್ನು ಬರೆಯುವುದು, ಕೆಲವರು ಹೊರಗೆ ಹೋದವರನ್ನು ಬರೆಯುವುದು. ಆವಕ-ಜಾವಕ! ಇದನ್ನು ಮೊದಲ ಸಲ ಓದಿದ ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಐನೂರು ವರ್ಷದ ಹಿಂದೆ ನನ್ನ ಕುರ್ಚಿ ಈ ಕೋಟೆಯಲ್ಲೇ ಇತ್ತಲ್ಲ.

ಇಲ್ಲಿಂದ ಮುಂದೆ ನಿಮ್ಮ ಮಂಡಿಯನ್ನು ಕೇಳಿ. ಸಾಕು ಅಂದರೆ ತರ್ಕಶ್ ಮಹಲ್, ಗಗನ್ ಮಹಲ್ ಎರಡನ್ನೂ ಹೊರಗಿನಿಂದ ನೋಡಿ ಹಿಂದಿರುಗಿ. ಇನ್ನೂ ನಡೆಯಬಲ್ಲೆ ಅಂದರೆ ಪಶ್ಚಿಮಕ್ಕೆ ಹೋಗಿ. ದಿವಾನ್-ಇ-ಆಮ್, ಅಂದರೆ ಸುಲ್ತಾನರು ಜನರ ಅಹವಾಲು ಕೇಳುತ್ತಿದ್ದ ದರ್ಬಾರು, ದಾಟಿದ ಮೇಲೆ ತಖ್ತ್ ಮಹಲ್, ಸುಲ್ತಾನರ ಸಿಂಹಾಸನ ಇದ್ದ ಜಾಗ. ಎತ್ತರದ ಕಮಾನಿನ ಮೂಲೆಯಲ್ಲಿ ಹುಲಿಯ ಬೆನ್ನಿಗೆ ಸೂರ್ಯ ಹುಟ್ಟುವ ಚಿತ್ರ ಇದೆ, ಬಣ್ಣದ ಹೆಂಚಿನದು. ಹುಡುಕಬೇಕು. ಮೊಮ್ಮಗಳಿಗೆ "ಮೊದಲು ಕಂಡವರಿಗೆ ಐಸ್‌ಕ್ರೀಮ್" ಅಂದೆ, ನನಗಿಂತ ಮುಂಚೆ ಅವಳಿಗೇ ಕಂಡಿತು. ಬೀಗತಿ ಕೂತೆದ್ದ ಕಲ್ಲೂ ಇಲ್ಲೇ ಇದೆ.

ಮೂರನೇ ಸಲ ಕೂಡಬೇಕಾದದ್ದು ಉತ್ತರದ ಅಂಚಿಗೆ. ದಿಬ್ಬ ಅಲ್ಲಿಗೆ ಮುಗಿದು ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಮಾಂಜ್ರಾ ನದಿಯ ಕಡೆಯ ಬಯಲು ಹೊಲ ಹೊಲವಾಗಿ ಹಾಸಿಕೊಂಡಿರುತ್ತದೆ. ಆ ಕಡೆ ಮೂರು ಕಂದಕ ಯಾಕೆ ಬೇಕಾಗಲಿಲ್ಲ ಅಂತ ಇಲ್ಲಿ ನಿಂತರೆ ಯಾರೂ ಹೇಳದೆ ತಿಳಿಯುತ್ತದೆ. ಗೋಡೆಯ ತುದಿಗೆ ಹೋಗಬೇಡಿ. ಕಂಬಿ, ಕಟಾಂಜನ ಎಲ್ಲ ಕಡೆ ಇಲ್ಲ. ಸೆಲ್ಫಿ ತೆಗೆಯುತ್ತ ಹಿಂದೆ ಹಿಂದೆ ಸರಿಯುವ ಹುಡುಗರನ್ನು ಕಂಡರೆ ನನ್ನ ಎದೆ ಬಡಿದುಕೊಳ್ಳುತ್ತದೆ, ಗುರುತು ಪರಿಚಯ ಇಲ್ಲದಿದ್ದರೂ ಬೈದುಬಿಡುತ್ತೇನೆ. ಕತ್ತಲೆ ಕೋಣೆ, ನೆಲಮಾಳಿಗೆ ಕಂಡರೂ ಒಳಗೆ ಇಳಿಯಬೇಡಿ. ಬಾವಲಿ ಇರುತ್ತವೆ, ಮೆಟ್ಟಿಲು ಎಲ್ಲಿ ಮುರಿದಿದೆಯೋ ಕಾಣುವುದಿಲ್ಲ. ಹಾಂ, ಮಾತಾಡುತ್ತಾ ಕೂತಾಗ ತಲೆ ಮೇಲೆ ಒಮ್ಮೆಲೇ ಭರ್ರ್ ಅಂದರೆ ಬೆಚ್ಚಬೇಡಿ. ಬೀದರಿನ ವಾಯುಪಡೆ ನೆಲೆಯಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ, ಹಾಕ್ ವಿಮಾನಗಳು ಹಾರುತ್ತಿರುತ್ತವೆ. ನಮಗೆ ಅದು ಕಾಗೆಯ ಸದ್ದಿನಷ್ಟೇ ರೂಢಿ. ಹೊರಗಿನ ನೆಂಟರು ಮಾತ್ರ ಕಿವಿ ಮುಚ್ಚುತ್ತಾರೆ.

ಮಂಡಿ ನೋವು ಜೋರಿದ್ದ ದಿನ, ಅಥವಾ ಜೊತೆಗೆ ಎಪ್ಪತ್ತು ದಾಟಿದವರಿದ್ದರೆ, ಕೋಟೆಯ ಮಾತೇ ಬೇಡ. ಉದಗೀರ್ ರಸ್ತೆಯ ಬರೀದ್‌ಶಾಹಿ ಉದ್ಯಾನಕ್ಕೆ ಹೋಗಿ. ಸಮತಟ್ಟು ನೆಲ, ಗಿಡ, ಹುಲ್ಲು. ನಡುವೆ ಅಲಿ ಬರೀದನ ಗುಮ್ಮಟ. ಇವನೇ ರಂಗೀನ್ ಮಹಲಿನವನು. ಬದುಕಿದ್ದಾಗಲೇ ತನ್ನ ಗೋರಿ ಕಟ್ಟಿಸಿಕೊಂಡ. ನಾಲ್ಕೂ ಕಡೆ ಗೋಡೆಯೇ ಇಲ್ಲ, ಬರೀ ದೊಡ್ಡ ಕಮಾನು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಒಳಗೆ ಮೇಲಿನ ಅಂಚಿನಲ್ಲಿ ಬಣ್ಣದ ಹೆಂಚಿನ ಮೇಲೆ ಫಾರಸಿ ಪದ್ಯಗಳಿವೆ. ಬೆಳಿಗ್ಗೆ ವಾಕಿಂಗ್‌ಗೆ ಬರುವವರಲ್ಲಿ ಅರ್ಧ ಮಂದಿ ತಲೆ ಎತ್ತಿ ನೋಡಿಯೇ ಇಲ್ಲ. ನಾನೂ ಆರು ವರ್ಷ ನೋಡಿರಲಿಲ್ಲ. ಕತ್ತು ನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತ ತಲೆ ಹಿಂದಕ್ಕೆ ಬಾಗಿಸಿದ ದಿನ ಕಂಡವು.

ಬೀಗತಿ ಮತ್ತೆ ಬಂದದ್ದು ಕಳೆದ ಡಿಸೆಂಬರಿನಲ್ಲಿ. ಡೈರಿ ತೆಗೆದು ನೋಡಿದೆ. ಒಳಗೆ 6:40. ಫ್ಯಾನ್ 12 ನಿಮಿಷ. ರಂಗೀನ್ ಮಹಲ್, ಬೀಗ. ಲಾಲ್ ಬಾಗ್ 45 ನಿಮಿಷ, ರೊಟ್ಟಿ ಐದು. ಸೋಲಾ ಖಂಬಾ ಹೊರಗಿನಿಂದ. ಹೊರಗೆ 9:10. ಚೌಬಾರದ ಹತ್ತಿರ ಎರಡನೇ ಚಹಾ ಕುಡಿಯುವಾಗ ಅವರು ಕೇಳಿದರು, "ಆ ಬೀಗ ಹಾಕಿದ್ದು ನಾಳೆ ತೆರಿತಾರೇನ್ರಿ?"